ನೆಕ್ಕಲಾರದ ಜಾಗಾ

ಎರಡೂ ಹೆಗಲೆಲುವಿನ ನಟ್ಟನಡುವ
ಕೂದಲಾ ಸರಿಸಿ, ತೊಗಲು ಕಾಣೋ ಹಂಗ,
ಸಣ್ಣ ನಳಿಕಿ ಮುರದು ಹಿಂಡಬೇಕು.
'ಅಲ್ಲಿಗೆ ನಾಯಿ ನಾಲಿಗಿ ಮುಟ್ಟೂದಿಲ್ಲ ಬಾಯಾರ,'
ದನದ ದವಾಖಾನಿ ಕಂಪೌಂಡರ್ ಶಿವಪುತ್ರ ಹೇಳಿದ್ದು,
'ನೆಕ್ಕಲಾರದ ಜಾಗಾ ನೋಡಿ ಹಾಕ್ರಿ,
ತಿಂಗಳ ತನಕಾ ಉಣ್ಣಿ ಸುಳಿಯೂದಿಲ್ಲ.'

ಸುಳೀಲಿಲ್ಲ, ಖರೆ.
ಕಿವಿ ಮಡಿಕ್ಯಾಗ ಔಡಲಬೀಜದ ಹಂಗ ಉಬ್ಬಿದ್ದವು
ಮೂರನೇ ದಿನಕ್ಕ ಒಣಗಿ ಉದುರಿದವು.
ಕಸಬರಗಿಲೆ ಗುಡಿಸಿ, ಯುದ್ಧಾ ಗೆದ್ದವರ ಹಂಗ
ಎಣಿಸಿದೆ: ಮೂವತ್ತೊಂದು.
ಶೇಂಗಾ ಅಂತ ಅದರ ಹೆಸರು. ಸಿಪ್ಪಿ ಬಣ್ಣಾ, ನಡಕ ಸಣ್ಣ ಸೊಂಟಾ.
ಆ ರಾತ್ರಿ ಮೊದಲನೇ ಸಲ
ಕೆರಕೊಳ್ಳದ ನಿದ್ದಿ ಮಾಡ್ತು. ನಾನೂ.

ಐತವಾರ ಕೆಲಗೇರಿ ಕೆರಿಗೆ ಹೋದ್ವಿ.
ನೀರು ಕಂಡ್ರ ಅದಕ್ಕ ಹುಚ್ಚು.
ದಂಡಿಯಿಂದ ಒಂದ ಜಿಗಿತಾ,
ಮೂಗಷ್ಟ ಮ್ಯಾಲ, ಹಿಂದ ಬಾಲದ ಹುಟ್ಟು.
ಅದರ ಬೆನ್ನಿಂದ ಬಿಚ್ಚಿಕೊಂಡ ತೆಳು ಎಣ್ಣಿ ಎಳಿ
ಅವತ್ತ ಕಂಡಿದ್ನೊ,
ಇಲ್ಲಾ ಆಮ್ಯಾಲ ಓದಿದ ಮ್ಯಾಲ ಕಂಡ್ನೊ,
ಈಗ ಆಣಿ ಮಾಡಿ ಹೇಳಲಾರೆ.

ಓದಿದ್ದು ಡಬ್ಬಿಯೊಳಗಿನ ಕಾಗದಾ.
ಎಂಟು ಮಡಿಕಿ, ಎಳ್ಳಿಗಿಂತಾ ಸಣ್ಣ ಅಕ್ಷರಾ.
'ಜಲಚರಗಳಿಗೆ ಅಪಾಯಕಾರಿ.'
ಜಲಚರ. ಮೂವತ್ತು ವರ್ಷ
ಮಾಳಮಡ್ಡಿ ಸಾಲ್ಯಾಗ ಬೋರ್ಡಿನ ಮ್ಯಾಲ ಬರದ ಶಬ್ದಾ,
ಬರದು, ಒರಸಿ, ಕೈ ಝಾಡಿಸಿ
ಚಹಾಕ್ಕ ಹೋಗ್ತಿದ್ದೆ.

ಬಲಿ ಬಿಚ್ಚಕೋತ ಕೂತಿದ್ದ ದಾವಲಸಾಬಗ ಕೇಳಿದೆ.
'ನೀರ ಮ್ಯಾಲ ಗಿರಗಿರ ತಿರಗೂ ಕರೀ ಹುಳಾ ಇರತಿದ್ದವಲ್ರಿ,
ಗಿರಣಿ ಹುಳಾ ಅಂತಿದ್ವಿ ನಾವು,
ಈ ದಂಡೀಗೆ ನೋಡಿ ಎರಡ ಮಳಿಗಾಲ ಆತು.
ಯಾಕಂತ ಗೊತ್ತಿಲ್ಲ.
ಸಬಕಾರ ಇರಬಹುದು, ಗಟಾರ ಇರಬಹುದು,
ನೆಲಾ ಒರಸೂ ಆ ನೀಲಿ ನೀರಿರಬಹುದು.
ನಿಮ್ಮದೊಂದ ನಾಯಿ ಏನ ಮಾಡೀತು, ಬಿಡ್ರಿ.'
ಬಿಡ್ರಿ ಅಂದ.
ಆ ಮಾತು ನನ್ನ ಬಿಡವಲ್ತು.

ಅತ್ತಿಯವರು ಅಂದ್ರು: 'ಅಂಟವಾಳಕಾಯಿ ಕುದಿಸಿ ತೊಳಿ,
ನಮ್ಮ ಕಾಲದಾಗ ಇವೆಲ್ಲಾ ಎಲ್ಲಿದ್ದವು?'
ಅದನ್ನ ಹೋಗಿ ಹೇಳಿದರ
ದಾವಲಸಾಬ ಹಲ್ಲಿಲ್ಲದ ಬಾಯಿಲೆ ನಕ್ಕ:
'ಸಣ್ಣಾವಿದ್ದಾಗ ನಾವು ಮಡುವಿನಾಗ ಮೀನಾ ಹಿಡಿತಿದ್ದದ್ದ
ಅಂಟವಾಳಾ ಅರದು ಕಲಿಸಿ, ಬಾಯಾರ.
ನೊರಿ ಎದ್ದ ತಾಸಿಗೆ ಹೊಟ್ಟಿ ಮ್ಯಾಲ ಮಾಡಿ ತೇಲ್ತಿದ್ದವು.'

ಇನ್ನೊಂದು ಹೇಳೂದದ.
ಶೇಂಗಾನ ಕೂದಲಾ ಬಾಚಿ
ಕಾಂಪೌಂಡ ಗ್ವಾಡಿ ಮ್ಯಾಲ ಇಡ್ತಿದ್ದೆ,
ಮೀಟರ್ ಬೋರ್ಡಿನ ಹಿಂದಿನ ಗುಬ್ಬಿ ಒಯ್ಯಲಿ ಅಂತ.
ಒಯ್ತು, ಮೆತ್ತಗ ಹಾಸಿಗಿ ಮಾಡ್ತು,
ಬಾಣಂತಿ ಮನಿಗೆ ಅರಿವಿ ಕೊಟ್ಟಷ್ಟು ಹಿಗ್ಗು ನನಗ.
ಮೂರು ತತ್ತಿ. ಹಾಲಿನ ಲೆಕ್ಕದ ಕ್ಯಾಲೆಂಡರಿನ ಮ್ಯಾಲ
ದಿನಾ ಒಂದು ಗೀಟು ಎಳದೆ.
ಹನ್ನೆರಡು, ಹದಿನೈದು, ಇಪ್ಪತ್ತು.
ಆಮ್ಯಾಲ ಎಳೀಲಿಲ್ಲ.
ಬಿಸಿಲಿರಬಹುದು. ತಾಯಿ ಎಳೇದಿರಬಹುದು.
ಇರಬಹುದು, ಇರಬಹುದು.
ದಾವಲಸಾಬನ ಈ ಶಬ್ದಾ
ಈಗ ನನ್ನ ಬಾಯಾಗ ಮನಿ ಮಾಡ್ಯದ.

ಇವತ್ತ ಮತ್ತ ಉಣ್ಣಿ ಹತ್ಯಾವ.
ಚಿಮಟಾ ಹಿಡಕೊಂಡು ಒಂದೊಂದ ಕಿತ್ತೆ,
ಬೆನ್ನು ಬಗ್ಗಿಸಿ, ಕಣ್ಣು ಕಿರಿದು ಮಾಡಿ.
ಕೈ ಸೋತು, ಕಡೀಕ ಶಾಂಪೂನೂ ಹಚ್ಚಿದೆ,
ಸುಳ್ಳ ಯಾಕ ಹೇಳಲಿ.
ಈಗ ಬಕೆಟ್ ತುಂಬಾ ಬೂದಿ ಬಣ್ಣದ ನೀರು ಹಿಡಕೊಂಡು
ಹಿತ್ತಲ ಬಾಗಲಾಗ ನಿಂತೇನಿ.

ಬಚ್ಚಲಿಗೆ ಸುರವಿದರ ಗಟಾರಾ,
ಗಟಾರದಿಂದ ಹಳ್ಳಾ, ಹಳ್ಳದಿಂದ ಕೆರಿ.
ಕರಿಬೇವಿನ ಬುಡಕ್ಕ ಹಾಕಿದರ
ಅದರ ಎಲಿ ನಾಳೆ ಒಗ್ಗರಣ್ಯಾಗ.
ರಸ್ತಾಕ್ಕ ಚೆಲ್ಲಿದರ ಮೊದಲನೇ ಮಳಿ ಬಂದು
ಕೈ ಹಿಡದು ಅಲ್ಲಿಗೇ ಮುಟ್ಟಿಸಿ ಬರತದ.
'ಎಷ್ಟೊತ್ತ ನಿಂದರ್ತೀಯ?' ಒಳಗಿಂದ ಅತ್ತಿಯವರು.
ತೋಳು ಸೆಳೀಲಿಕ್ಕೆ ಹತ್ಯದ.

ಅಷ್ಟರಾಗ ಶೇಂಗಾ
ಮೂಗಿನಿಂದ ಬಾಲದ ತುದಿ ತನಕಾ
ಒಮ್ಮೆ ಮೈ ಝಾಡಿಸ್ತು.
ಗ್ವಾಡಿಗೆ, ತುಳಸೀಕಟ್ಟಿಗೆ, ನನ್ನ ಚಾಳೀಸಿಗೆ,
ಎಲ್ಲಾ ಕಡೆ ಹನಿ.